ಒಂದೇ ಸಲ ಕೇಳಿದರು

2023ರಲ್ಲಿ ನಾನು ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಎಚ್.ಆರ್. ವಿಭಾಗದ ಮುಖ್ಯಸ್ಥೆಯಾಗಿದ್ದೆ. ಔಷಧ ಕಂಪನಿಗಳಿಗೆ ಬೇಕಾಗುವ ಕಚ್ಚಾ ರಾಸಾಯನಿಕಗಳನ್ನು ತಯಾರಿಸುವ ಕಾರ್ಖಾನೆ ಅದು. ಎಚ್.ಆರ್. ಅಂದರೆ ಏನು ಕೆಲಸ ಎಂದು ನಮ್ಮ ಜಮಖಂಡಿಯ ನೆಂಟರು ಕೇಳಿದಾಗಲೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ: ಮಂದಿಯನ್ನು ಹುಡುಕಿ ತರುವುದು, ತಂದವರನ್ನು ಉಳಿಸಿಕೊಳ್ಳುವುದು, ಉಳಿಯದವರನ್ನು ಜಗಳವಿಲ್ಲದೆ ಕಳಿಸುವುದು. ಬಿಬವೇವಾಡಿಯ ಮನೆಯಿಂದ ಕಂಪನಿಯ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅರ್ಧ ಜೀವ ಹೋಗುತ್ತಿತ್ತು. ಉಳಿದರ್ಧ ಜೀವದಲ್ಲಿ ಈ ಮೂರೂ ಕೆಲಸ ಮಾಡಬೇಕಿತ್ತು. ನಿವೃತ್ತಿ ಹತ್ತಿರವಿದ್ದುದರಿಂದ ಇನ್ನು ಹೊಸ ತಲೆನೋವು ಬೇಡ ಎಂದು ತೀರ್ಮಾನಿಸಿದ್ದ ವರ್ಷದಲ್ಲೇ ಶಿರೀನಳ ಪ್ರಕರಣ ಬಂತು.

ನಮ್ಮ ಪ್ರಯೋಗಾಲಯದಲ್ಲಿ ಒಂದು ಹುದ್ದೆ ಬಹಳ ದಿನದಿಂದ ಖಾಲಿ ಇತ್ತು. ಇಂಪ್ಯೂರಿಟಿ ಪ್ರೊಫೈಲಿಂಗ್ ಎನ್ನುವ ಕೆಲಸ ಅದು. ಒಂದು ಔಷಧದಲ್ಲಿ ಔಷಧ ಎಷ್ಟಿದೆ ಎಂದು ಹೇಳುವುದು ಸುಲಭ. ಔಷಧವಲ್ಲದ್ದು ಏನೇನು ಸೇರಿದೆ, ಎಲ್ಲಿಂದ ಸೇರಿದೆ, ಅದರಿಂದ ಅಪಾಯವಿದೆಯೇ ಎಂದು ಹೇಳುವುದು ಕಷ್ಟ. ಅದನ್ನು ಬರೆದು ಸಹಿ ಮಾಡಿಕೊಡುವ ಒಬ್ಬರಿಲ್ಲದೆ ವಿದೇಶದ ಗಿರಾಕಿಗಳು ಸರಕು ಮುಟ್ಟುವುದಿಲ್ಲ. ಆ ಜಾಗಕ್ಕೆ ಒಬ್ಬರ ಹಿಂದೆ ಒಬ್ಬರು ಬಂದರು, ಹೆಚ್ಚು ಸಂಬಳ ಸಿಕ್ಕ ಕೂಡಲೇ ಹೋದರು. ನಮ್ಮ ಮಾಲೀಕರೂ ವ್ಯವಸ್ಥಾಪಕ ನಿರ್ದೇಶಕರೂ ಆಗಿದ್ದ ಜೋಗಳೇಕರ ಸಾಹೇಬರು ಪ್ರತಿ ಸೋಮವಾರದ ಮೀಟಿಂಗಿನಲ್ಲಿ ನನ್ನ ಕಡೆ ನೋಡಿ ಹುಬ್ಬು ಏರಿಸುತ್ತಿದ್ದರು. ಬೈಯುವುದಕ್ಕೂ ಮಾತು ಖರ್ಚು ಮಾಡದ ಮನುಷ್ಯ ಅವರು.

ಆಗ ನೀಲಮ್ಮ ಕಾಕೂ ಫೋನ್ ಮಾಡಿದರು. ಎಲ್ಲರೂ ಕಾಕೂ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ಅವರು ಇಂಡಿ ತಾಲೂಕಿನವರು, ಪುಣೆಯ ಧನಕವಡಿಯಲ್ಲಿ ಸ್ವಂತ ಮನೆ. ಗಂಡ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡಿ ಕಟ್ಟಿಸಿದ್ದು. ಗಂಡ ತೀರಿಕೊಂಡ ಮೇಲೆ ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದರು.

"ಶಾರದಾ, ನಮ್ಮ ಮ್ಯಾಲಿನ ಮನ್ಯಾಗ ಒಬ್ಬಾಕಿ ಅದಾಳ ನೋಡವ್ವಾ, ಇರಾಣದಾಕಿ. ಡಾಕ್ಟರೇಟ್ ಮಾಡ್ಯಾಳ, ಅದೂ ಔಷಧದ ಕೆಮಿಸ್ಟ್ರಿಯೊಳಗ. ನೌಕರಿ ಹುಡುಕಿ ಹುಡುಕಿ ಸಾಕಾಗ್ಯದ ಪಾಪ. ನಿನ್ನ ಕಂಪನಿಯೊಳಗ ಏನರ ಅದ ಏನು?"

ಕಾಕೂ ಇಂಥ ಶಿಫಾರಸುಗಳನ್ನು ತಿಂಗಳಿಗೊಂದು ಮಾಡುತ್ತಾರೆ. ಅರ್ಧ ಮನಸ್ಸಿನಿಂದಲೇ ಆ ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆದೆ.

ಶಿರೀನ್ ಬಂದದ್ದು ತನ್ನ ಮಗಳು ನಿಲೂಫರಳ ಜೊತೆ. ಮಗಳಿಗೆ ಹತ್ತು ವರ್ಷ. ಪುಣೆಗೆ ಬಂದಾಗ ಅದಿನ್ನೂ ಸರಿಯಾಗಿ ಮಾತು ಬಾರದ ಮಗುವಂತೆ. ಈಗ ಓಣಿಯ ಮಕ್ಕಳೊಂದಿಗೆ ಮರಾಠಿಯಲ್ಲಿ ಜಗಳವಾಡುತ್ತಿತ್ತು, ಕಾಕೂ ಜೊತೆ ನಮ್ಮ ಕಡೆಯ ಕನ್ನಡ ಮಾತಾಡುತ್ತಿತ್ತು. ತಾಯಿಯ ಫಾರ್ಸಿ ಭಾಷೆ ಕೇಳಿದರೆ ತಿಳಿಯುತ್ತಿತ್ತು, ಓದಲು ಬಾರದು. ಶಿರೀನ್ ಎಂ.ಎಸ್ಸಿ.ಗೆಂದು ಬಂದು, ಪಿಎಚ್.ಡಿ.ಗೆಂದು ನಿಂತವಳು. ನಡುವೆ ಮದುವೆ ಮುರಿದಿತ್ತು. ಗಂಡ ಬೇರೆ ದೇಶಕ್ಕೆ ಹೋಗಿ ಬೇರೆ ಸಂಸಾರ ಹೂಡಿದ್ದ. ಇರಾನಿನ ಶಿರಾಜಿನಲ್ಲಿ ಅವಳಿಗೆ ಅಣ್ಣ ಇದ್ದ, ತನ್ನದೆನ್ನುವ ಮನೆ ಇರಲಿಲ್ಲ. ವಿದ್ಯಾರ್ಥಿ ವೀಸಾ ಆಗಸ್ಟ್ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ನೌಕರಿ ಸಿಗದಿದ್ದರೆ ಮಗಳನ್ನು ಕರೆದುಕೊಂಡು ವಾಪಸು ಹೋಗಬೇಕು. ಚಿಂತೆ ತನ್ನ ಬಗ್ಗೆ ಅಲ್ಲ, ಈ ಹುಡುಗಿ ಅಲ್ಲಿ ಅಕ್ಷರ ಗೊತ್ತಿಲ್ಲದೆ ಯಾವ ತರಗತಿಯಲ್ಲಿ ಕೂರುತ್ತದೆ ಎನ್ನುವುದು ಎಂದು ಅವಳು ಹೇಳಿದಳು.

ಅವಳು ನೌಕರಿ ಹುಡುಕಿದ ಕಥೆ ಕೇಳಿ, ಅದೇ ವೃತ್ತಿಯವಳಾದ ನನಗೆ ನಾಚಿಕೆಯಾಯಿತು. ನೌಕರಿಯ ವೆಬ್‌ಸೈಟುಗಳು ಆಧಾರ್ ನಂಬರು ಹಾಕದೆ ಮುಂದಿನ ಪುಟಕ್ಕೆ ಬಿಡುವುದಿಲ್ಲ. ಆಧಾರ್ ಇಲ್ಲ ಎಂದು ಫೋನ್ ಮಾಡಿ ಹೇಳಿದರೆ ಮಾಡಿಸಿಕೊಂಡು ಬನ್ನಿ ಅನ್ನುತ್ತಾರೆ. ಒಂದು ಕಂಪನಿಯವರು ಸಂದರ್ಶನದಲ್ಲಿ ಅವಳ ಸಂಶೋಧನೆಯ ಬಗ್ಗೆ ಒಂದೂ ಪ್ರಶ್ನೆ ಕೇಳದೆ, ಇಷ್ಟು ಬೆಳ್ಳಗಿದ್ದೀರಿ, ರಿಸೆಪ್ಶನ್ನಿಗೆ ಬರುತ್ತೀರಾ ಎಂದರಂತೆ. ಇನ್ನೊಬ್ಬರು ವೀಸಾ ಕೆಲಸ ನೀವೇ ಮುಗಿಸಿಕೊಂಡು ಬಂದರೆ ನೌಕರಿ ಕೊಡುತ್ತೇವೆ ಎಂದರು. ವೀಸಾ ಕಚೇರಿಯವರು ನೌಕರಿ ಇದ್ದರೆ ವೀಸಾ ಕೊಡುತ್ತೇವೆ ಎಂದರು. ಬಾಕಿ ಎಲ್ಲರೂ ತಿಳಿಸುತ್ತೇವೆ ಎಂದರು. ಯಾರೂ ತಿಳಿಸಲಿಲ್ಲ.

ನಿಯಮವನ್ನೂ ಸ್ವಲ್ಪ ಹೇಳಬೇಕು. ವಿದೇಶಿಯರನ್ನು ಇಲ್ಲಿ ಕೆಲಸಕ್ಕೆ ಇಟ್ಟುಕೊಳ್ಳಬೇಕಾದರೆ ಸರಕಾರ ಗೊತ್ತು ಮಾಡಿದ ಮೊತ್ತಕ್ಕಿಂತ ಹೆಚ್ಚು ಸಂಬಳ ಕೊಡಬೇಕು, ಮತ್ತು ಈ ಕೆಲಸಕ್ಕೆ ಇವರೇ ಯಾಕೆ ಎಂದು ಕಂಪನಿ ಬರೆದುಕೊಡಬೇಕು. ಅಭ್ಯರ್ಥಿ ಸಾಮಾನ್ಯವಾಗಿ ತನ್ನ ದೇಶಕ್ಕೆ ಹೋಗಿ, ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಎಂಪ್ಲಾಯ್‌ಮೆಂಟ್ ವೀಸಾ ಪಡೆದು ಬರಬೇಕು; ಕಂಪನಿಯ ಪತ್ರ ಕೈಯಲ್ಲಿದ್ದರೆ ಅದು ಕೆಲವು ವಾರದ ಮಾತು. ಆಗಿನ ನಿಯಮದಲ್ಲಿ ಆ ಸಂಬಳದ ಮಿತಿ ಕೆಲವರಿಗೆ ಇರಲಿಲ್ಲ, ಅವರಲ್ಲಿ ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರೂ ಸೇರಿದ್ದರು. ಅಂದರೆ ಶಿರೀನ್ ಪುಣೆಯ ಕ್ಯಾಂಪ್ ಬಡಾವಣೆಯ ಯಾವುದಾದರೂ ಇರಾಣಿ ಹೋಟೆಲಿನಲ್ಲಿ ಪುಲಾವು ಬೇಯಿಸುತ್ತೇನೆ ಎಂದಿದ್ದರೆ ದಾರಿ ಸುಲಭವಿತ್ತು. ಜನ ನುಂಗುವ ಮಾತ್ರೆಯಲ್ಲಿ ವಿಷ ಇದೆಯೋ ಇಲ್ಲವೋ ನೋಡುತ್ತೇನೆ ಎಂದದ್ದಕ್ಕೆ ಇಷ್ಟು ಅಡ್ಡಿ. ಈ ನಿಯಮ ಓದಿದ ದಿನ ನಾನು ಆಫೀಸಿನಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಆದರೆ ನಮ್ಮ ಹುದ್ದೆಯ ಸಂಬಳ ಆ ಮಿತಿಗಿಂತ ಮೇಲಿತ್ತು. ಇಷ್ಟು ದಿನ ಯಾರೂ ನಿಲ್ಲಲಿಲ್ಲ ಎನ್ನುವುದೇ ಬರೆದುಕೊಡಲು ಸಾಕಷ್ಟು ಕಾರಣವಾಗಿತ್ತು. ಹಾಗಾಗಿ ಬೇಕಾದದ್ದು ಒಂದೇ, ಜೋಗಳೇಕರ ಸಾಹೇಬರ ಒಪ್ಪಿಗೆ.

ಆ ಭಾನುವಾರದ ಊಟದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹೋಳಿಗೆ ಮಾಡಿದ್ದೆ. ಮೊದಲನೇ ಹೋಳಿಗೆ ಬಡಿಸಲು ಹೋದರೆ ಶಿರೀನ್ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು, "ಬ್ಯಾಡ್ರಿ ಅಕ್ಕಾರ, ಭಾಳ ಆತು" ಎಂದಳು. ಇರಾನಿನ ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿ ನನ್ನ ಗಂಡ ನೀರು ಕುಡಿಯುತ್ತಿದ್ದವರು ಕೆಮ್ಮಿದರು. ಇನ್ನೊಮ್ಮೆ ಒತ್ತಾಯ ಮಾಡಿದೆ. "ಇಲ್ರಿ, ಖರೇ ಬ್ಯಾಡ್ರಿ" ಎಂದಳು. ಮೂರನೇ ಸಲ ಹಾಕಿಯೇಬಿಟ್ಟೆ. ನಕ್ಕು ತಿಂದಳು, ಆಮೇಲೆ ಎರಡು ಹೆಚ್ಚೇ ತಿಂದಳು.

"ಇದೆಲ್ಲಾ ಯಾರು ಕಲಿಸಿದ್ರು?" ಎಂದು ಕೇಳಿದೆ.

"ಕಾಕೂ. ಮೊದಲನೇ ಸಲಕ್ಕ ಹೂಂ ಅಂದ್ರ, ಹಸದ ಮಂದಿ ಅಂತಾರಂತ."

ಕಾಕೂ ಒಂದಿಷ್ಟೂ ಅಳುಕದೆ ಹೋಳಿಗೆಗೆ ತುಪ್ಪ ಹಚ್ಚಿಕೊಳ್ಳುತ್ತಿದ್ದರು. ಶಿರೀನ್ ವಿವರಿಸಿದಳು, ಕನ್ನಡ ಸಾಲದಾದಲ್ಲಿ ಮರಾಠಿ, ಅದೂ ಸಾಲದಾದಲ್ಲಿ ಇಂಗ್ಲಿಷ್ ಸೇರಿಸಿ. ತನಗೆ ಇದು ಹೊಸದಲ್ಲ. ಅವರ ದೇಶದಲ್ಲೂ ಇದೇ ರೀತಿ. ಅದಕ್ಕೆ ತಾರೋಫ್ ಎನ್ನುತ್ತಾರೆ. ಅಂಗಡಿಯವನು ಹಣ ಬೇಡ ಎನ್ನುತ್ತಾನೆ, ಗಿರಾಕಿ ಒತ್ತಾಯ ಮಾಡಿ ಕೊಡಬೇಕು. ಯಾರಾದರೂ ಏನಾದರೂ ಕೊಡಬಂದರೆ, ನಿಮಗೆ ಯಾಕೆ ತೊಂದರೆ ಎಂದು ಹಿಂದೆ ಸರಿಯಬೇಕು. ನಿಜವಾಗಿ ಕೊಡುವ ಮನಸ್ಸಿದ್ದವರು ಮತ್ತೆ ಕೇಳುತ್ತಾರೆ. ಪುಣೆಗೆ ಬಂದು ಎಲ್ಲ ಅಪರಿಚಿತವಾಗಿದ್ದಾಗ ಕಾಕೂ ಮನೆಯಲ್ಲಿ ಊಟಕ್ಕೆ ಕೂತ ಮೊದಲ ದಿನವೇ, ಈ ದೇಶ ತನಗೆ ಅರ್ಥವಾಗುತ್ತದೆ ಎಂದು ಧೈರ್ಯ ಬಂತಂತೆ.

"ಹಂಗಾದ್ರ ಖರೇನ ಬ್ಯಾಡ ಆಗಿದ್ರ?" ಎಂದು ನನ್ನ ಗಂಡ ಕೇಳಿದರು.

"ಮೂರನೇ ಸಲಾನೂ ಬ್ಯಾಡ ಅಂದ್ರ, ಅದು ಖರೇ ಬ್ಯಾಡ್ರಿ" ಎಂದಳು ಶಿರೀನ್. "ಆಮ್ಯಾಲೆ ಕೇಳಬಾರದು."

ಎಲ್ಲರೂ ನಕ್ಕೆವು. ನಮ್ಮ ಪಂಕ್ತಿಯ ಶಾಸ್ತ್ರವೂ ಅದೇ ತಾನೇ.

ಜುಲೈ ಮೊದಲ ವಾರ ಸಂದರ್ಶನ ಇಟ್ಟೆ. ಶಿರೀನಳಲ್ಲದೆ ವಡೋದರಾದ ಒಬ್ಬ ಅಭ್ಯರ್ಥಿಯೂ ಪಟ್ಟಿಯಲ್ಲಿದ್ದ. ಪ್ರಯೋಗಾಲಯದ ಮುಖ್ಯಸ್ಥರು ಶಿರೀನಳನ್ನು ಒಳಗೆ ಕರೆದುಕೊಂಡು ಹೋಗಿ, ನಮ್ಮ ಗಿರಾಕಿಯೊಬ್ಬ ತಿರಸ್ಕರಿಸಿದ್ದ ಒಂದು ಬ್ಯಾಚಿನ ಗ್ರಾಫುಗಳನ್ನು ಮುಂದಿಟ್ಟರು. ಗ್ರಾಫಿನಲ್ಲಿ ಎಲ್ಲೋ ಒಂದು ಚಿಕ್ಕ ಏರು, ಅದು ಏನು ಎನ್ನುವುದು ಯಾರಿಗೂ ಗೊತ್ತಾಗಿರಲಿಲ್ಲ. ಊಟದ ಹೊತ್ತಿಗೆ ಅವರು ಹೊರಗೆ ಬಂದಾಗ ಆ ಏರು ಎಲ್ಲಿಂದ ಬಂದಿರಬಹುದು, ಅದನ್ನು ಹೇಗೆ ಖಚಿತ ಮಾಡಿಕೊಳ್ಳಬೇಕು ಎನ್ನುವುದರ ಬಗ್ಗೆ ಇಬ್ಬರೂ ವಾದ ಮಾಡುತ್ತಿದ್ದರು. ಮುಖ್ಯಸ್ಥರು ನನ್ನ ಹತ್ತಿರ ಬಂದು, ಇನ್ನು ಬೇರೆಯವರನ್ನು ನೋಡುವುದು ಬೇಡ ಮೇಡಂ, ಈಕೆಯೇ ಸಾಕು ಎಂದರು.

ಉಳಿದದ್ದು ಸಾಹೇಬರ ಭೇಟಿ. ಅದು ಹತ್ತು ನಿಮಿಷದ ಶಾಸ್ತ್ರ. ಜೋಗಳೇಕರ ಸಾಹೇಬರ ಬಗ್ಗೆ ಕಾರ್ಖಾನೆಯಲ್ಲಿ ಒಂದು ಮಾತಿತ್ತು: ಅವರ ಕ್ಯಾಬಿನ್ನಿನಲ್ಲಿ ಚಹಾ ಬೇಕಾದರೆ ಮೊದಲ ಪ್ರಶ್ನೆಗೇ ಹೌದು ಎನ್ನಬೇಕು. ಅವರು ಒಮ್ಮೆ ಕೇಳುತ್ತಾರೆ, ಬೇಡ ಎಂದರೆ ತಾವೊಬ್ಬರೇ ತರಿಸಿಕೊಂಡು ಕುಡಿಯುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಷ್ಟೋ ದಿನ ಎದುರಿಗೆ ಕೂತು ಅವರು ಕುಡಿಯುವುದನ್ನು ನೋಡಿದ್ದೇನೆ. ಇದರಲ್ಲಿ ಕೆಟ್ಟತನ ಏನೂ ಇರಲಿಲ್ಲ. ಬೆಳೆದ ಮನುಷ್ಯರು ಬೇಡ ಎಂದ ಮೇಲೆ ಮತ್ತೆ ಕೇಳುವುದು ಅವರ ಮಾತನ್ನು ನಂಬದಂತೆ, ಅದು ಅವಮಾನ ಎನ್ನುವುದು ಅವರ ನಂಬಿಕೆ.

ಆ ಭೇಟಿಯಲ್ಲಿ ನಾನೂ ಇರಬೇಕಿತ್ತು. ಅದೇ ಹೊತ್ತಿಗೆ ಗೇಟಿನಲ್ಲಿ ಗುತ್ತಿಗೆ ಕಾರ್ಮಿಕರು ಕ್ಯಾಂಟೀನಿನ ಊಟದ ವಿಷಯಕ್ಕೆ ಕೆಲಸ ನಿಲ್ಲಿಸಿ ಕೂತರು. ನನ್ನನ್ನು ಅಲ್ಲಿಗೆ ಕರೆದರು. ಬೇಳೆ ನೀರಾಗಿದೆ ಎಂದು ಅವರು, ಬೆಲೆ ಏರಿದೆ ಎಂದು ಗುತ್ತಿಗೆದಾರ, ಇಬ್ಬರ ನಡುವೆ ಬಿಸಿಲಲ್ಲಿ ನಾನು. ಅದು ಮುಗಿಸಿ ಬರುವಷ್ಟರಲ್ಲಿ ಶಿರೀನ್ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮುಖ ಅರಳಿತ್ತು.

"ಏನಾತು?"

"ಚಲೋ ಆತ್ರಿ ಅಕ್ಕಾರ. ಸಾಹೇಬ್ರು ಭಾಳ ಒಳ್ಳೇವ್ರು. ವಕೀಲರನ್ನ ಹಚ್ಚಿ ವೀಸಾದ್ದು ಎಲ್ಲಾ ನಾವ ಮಾಡ್ತೀವಿ ಅಂದ್ರು."

ನನಗೆ ಇಷ್ಟು ಸಾಕಾಯಿತು. ಅವಳನ್ನು ಬಸ್ಸಿಗೆ ಹತ್ತಿಸಿ, ನೇಮಕಾತಿ ಪತ್ರದ ಕರಡು ತಯಾರಿಸಿ ಸಾಹೇಬರಿಗೆ ಇ-ಮೇಲ್ ಮಾಡಿದೆ. ಅವರು ಮರುದಿನ ಗಿರಾಕಿಗಳನ್ನು ನೋಡಲು ಯುರೋಪಿಗೆ ಹೊರಟರು. ಪ್ರವಾಸದಲ್ಲಿದ್ದಾಗ ಅವರು ಇ-ಮೇಲ್ ನೋಡುವವರಲ್ಲ. ಎರಡು ವಾರ ಉತ್ತರ ಬರಲಿಲ್ಲ, ನಾನೂ ಗಾಬರಿಯಾಗಲಿಲ್ಲ. ಶಿರೀನ್ ಮಗಳಿಗೆ ಮುಂದಿನ ಟರ್ಮಿನ ಪುಸ್ತಕ ಕೊಂಡಳು.

ಸಾಹೇಬರು ವಾಪಸಾದ ದಿನ ಪತ್ರಕ್ಕೆ ಸಹಿ ಹಾಕಿಸಲು ಹೋದೆ. ಅವರು ಪತ್ರ ಓದಿ ಪಕ್ಕಕ್ಕೆ ಸರಿಸಿದರು.

"ಇದು ಯಾಕೆ? ಆಕೆ ಬೇಡ ಅಂದರಲ್ಲ. ವಡೋದರಾದವರ ಪತ್ರ ತಯಾರಿಸಿ. ನಾನು ವಿಮಾನ ನಿಲ್ದಾಣದಿಂದಲೇ ಅವರಿಗೆ ಫೋನ್ ಮಾಡಿ ಮಾತು ಕೊಟ್ಟಿದ್ದೇನೆ."

ನಮ್ಮ ಮಾತುಕತೆ ಮರಾಠಿಯಲ್ಲಿ ನಡೆಯುತ್ತಿತ್ತು. ಬೇಡ ಅಂದಳೇ, ಯಾವಾಗ ಅಂದಳು ಎಂದು ಕೇಳಿದೆ. ಅವರು ಶಾಂತವಾಗಿ ಹೇಳಿದರು.

"ಸ್ಪಷ್ಟವಾಗಿ ಕೇಳಿದೆ. ಈ ನೌಕರಿ ನಿಮಗೆ ಕೊಡುತ್ತೇನೆ, ವೀಸಾದ ಎಲ್ಲಾ ಜವಾಬ್ದಾರಿ ಕಂಪನಿಯದು, ಒಪ್ಪಿಗೆಯೇ ಅಂತ. ಆಕೆ ಒಳ್ಳೇ ಮರಾಠಿಯಲ್ಲಿ ಹೇಳಿದರು, 'ನಕೋ ಸರ್, ಮಾಝ್ಯಾಸಾಠೀ ಏವಢಾ ತ್ರಾಸ್ ನಕೋ' ಅಂತ. ಬೇಡ ಸರ್, ನನಗೋಸ್ಕರ ಇಷ್ಟು ತೊಂದರೆ ಬೇಡ. ಇದಕ್ಕಿಂತ ಸ್ಪಷ್ಟ ಏನು ಬೇಕು? ಬೇರೆ ಏನೋ ಯೋಚನೆ ಇರಬೇಕು ಅಂದುಕೊಂಡೆ. ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ."

ಸರ್, ಅದು ಬೇಡ ಅಲ್ಲ, ಅವರ ಕಡೆ ಹಾಗೆ ಹೇಳುವುದು ಪದ್ಧತಿ, ನಮ್ಮ ಕಡೆಯೂ ಇದೆ, ಇನ್ನೊಮ್ಮೆ ಕೇಳಿದ್ದರೆ ಹೂಂ ಎನ್ನುತ್ತಿದ್ದಳು ಎಂದೆ. ನೌಕರಿಯ ವಿಷಯವನ್ನು ಹೋಳಿಗೆ ಬಡಿಸಿದ ಹಾಗೆ ವಿವರಿಸುವಾಗ ನನ್ನ ಕಿವಿಗೇ ಅದು ಹುಚ್ಚುತನವಾಗಿ ಕೇಳಿಸಿತು. ಸಾಹೇಬರು ನಗಲಿಲ್ಲ, ಬೇಜಾರಾದರು. ಆದರೆ ಕದಲಲಿಲ್ಲ. "ಕೊಟ್ಟ ಮಾತು ಕೊಟ್ಟದ್ದೇ, ಪಾಟೀಲಬಾಯಿ. ಆತ ಬರುವುದಿಲ್ಲ ಎಂದರೆ ಆ ಮಾತು ಬೇರೆ."

ಸಂಜೆ ಬಸ್ಸಿನಲ್ಲಿ ಮನೆಯವರೆಗೆ ಹೋಗದೆ, ಕಾತ್ರಜ್ ಕಡೆ ತಿರುಗುವಲ್ಲಿ ಇಳಿದು ಧನಕವಡಿಗೆ ಹೋದೆ. ದಾರಿಯುದ್ದಕ್ಕೂ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕು ಎಂದು ಹುಡುಕುತ್ತಿದ್ದೆ. ಸಾಹೇಬರು ಸುಳ್ಳು ಹೇಳಿರಲಿಲ್ಲ. ಶಿರೀನ್ ತಪ್ಪು ಮಾಡಿರಲಿಲ್ಲ. ಕೊನೆಗೆ ಆ ಬೇಳೆ ನೀರು ಮಾಡಿದ ಗುತ್ತಿಗೆದಾರನನ್ನೇ ಮನಸ್ಸಿನಲ್ಲಿ ಬೈದುಕೊಂಡೆ.

ವಿಷಯ ಕೇಳಿ ಶಿರೀನ್, "ಆದ್ರ ಅವ್ರು ಒಂದ ಸಲ ಕೇಳಿದ್ರು" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಆಶ್ಚರ್ಯ ಇತ್ತು. ತಾನು ಹಾಗೆಂದ ಮೇಲೆ ಅವರು ತಲೆಯಾಡಿಸಿ ಎದ್ದು ಕೈಮುಗಿದರು. ಮತ್ತೆ ಕೇಳಲಿಲ್ಲವಾದ್ದರಿಂದ ಎಲ್ಲ ಆಗಲೇ ಗಟ್ಟಿಯಾಗಿದೆ, ಕೇಳುವ ಅಗತ್ಯವೇ ಇಲ್ಲ ಎಂದು ತಿಳಿದುಕೊಂಡಿದ್ದಳು.

ನೀಲಮ್ಮ ಕಾಕೂಗೆ ಮಾತ್ರ ಸಿಟ್ಟು ತಡೆಯಲಾಗಲಿಲ್ಲ. "ಒಂದ ಸಲ ಕೇಳಿ ಬಿಟ್ರ ಅದು ಕೇಳಿದಂಗ ಏನು? ನಮ್ಮ ಮನೀಗಿ ಬಂದ ಪೋಸ್ಟಿನಂವಗ ನಾ ಎರಡು ಸಲ ಚಾ ಕೇಳ್ತೀನಿ. ಇಷ್ಟು ದೊಡ್ಡ ನೌಕರಿ ಕೊಡಾಂವ ಇನ್ನೊಮ್ಮೆ ಕೇಳಿದ್ರ ಅವನ ಗಂಟೇನು ಹೋಗ್ತಿತ್ತು?"

"ಕಾಕೂ, ನೀವು ಕಲಿಸಿದ್ದ ಇದು" ಎಂದುಬಿಟ್ಟೆ. ಅನ್ನಬಾರದಿತ್ತು ಎಂದು ಆ ಕ್ಷಣವೇ ಅನ್ನಿಸಿತು. ಕಾಕೂ ಒಳಗೆ ಎದ್ದು ಹೋದರು. ಶಿರೀನ್, "ಇಲ್ರಿ ಅಕ್ಕಾರ, ನಮ್ಮವ್ವ ಕಲಿಸಿದ್ದು" ಎಂದು ಕಾಕೂ ಹಿಂದೆ ಹೋದಳು.

ಮುಂಚೆಯೇ ಹೇಳಿಕೊಡಬೇಕಿತ್ತು ಎಂದು ಆಮೇಲೆ ಎಲ್ಲರೂ ನನಗೆ ಹೇಳಿದರು, ನನ್ನ ಗಂಡ ಸಹಿತ. ಸಂಬಳ ಎಷ್ಟು ಕೇಳಬೇಕು, ಇಷ್ಟು ದಿನ ನೌಕರಿ ಯಾಕೆ ಸಿಗಲಿಲ್ಲ ಎಂದರೆ ಏನು ಹೇಳಬೇಕು, ಇದನ್ನೆಲ್ಲ ನಾನು ಹೇಳಿಕೊಟ್ಟಿದ್ದೆ. ನೌಕರಿ ಬೇಕು ಎಂದು ಬಂದವಳಿಗೆ, ಬೇಕೇ ಎಂದರೆ ಬೇಕು ಎನ್ನು ಎಂದು ಯಾವ ಎಚ್.ಆರ್. ಹೇಳಿಕೊಡುತ್ತಾರೆ?

ಆಗಸ್ಟ್ ತಿಂಗಳು ಹೇಗೆ ಕಳೆಯಿತು ಎಂದು ನೆನಪಿಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ. ಪುಣೆಯ ಸುತ್ತಲಿನ ನನ್ನ ಪರಿಚಯದ ಎಚ್.ಆರ್.ನವರಿಗೆಲ್ಲ ಅವಳ ಬಯೋಡೇಟಾ ಕಳಿಸಿದೆ. ಪ್ರೊಫೈಲ್ ಉತ್ತಮವಾಗಿದೆ, ವೀಸಾ ಒಂದೇ ಸಮಸ್ಯೆ ಎಂದರು. ಅದು ಸಮಸ್ಯೆ ಅಲ್ಲ, ಕೆಲಸ, ನಾನೇ ಮಾಡಿಸಿಕೊಡುತ್ತೇನೆ ಎಂದರೂ ಯಾರೂ ಮುಂದೆ ಬರಲಿಲ್ಲ. ವೀಸಾ ವಿಸ್ತರಣೆಗೆ ಶಿರೀನ್ ಆನ್‌ಲೈನ್ ಅರ್ಜಿ ಹಾಕಿದಳು. ಕಾಲೇಜಿನಿಂದ ಪ್ರಮಾಣಪತ್ರ ತನ್ನಿ ಎಂದು ಬಂತು. ಕಾಲೇಜಿನವರು ಪಿಎಚ್.ಡಿ. ಮುಗಿದ ಮೇಲೆ ನೀವು ನಮ್ಮ ವಿದ್ಯಾರ್ಥಿಯೇ ಅಲ್ಲ ಎಂದರು. ನಾನು ಒಂದು ದಿನ ರಜೆ ಹಾಕಿ ಅವಳ ಜೊತೆ ವಿದೇಶಿಯರ ನೋಂದಣಿ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ, ನೀರು ಕೊಟ್ಟರು, ಕೂರಿಸಿದರು, ನಿಯಮ ಓದಿ ಹೇಳಿದರು. ಎಲ್ಲರೂ ಒಳ್ಳೆಯವರೇ ಆಗಿದ್ದರು. ಅದೇ ಹೆಚ್ಚು ರೇಗಿಸುತ್ತಿತ್ತು.

ನಡುವೆ ವಡೋದರಾದವರಿಗೆ ಪತ್ರ ಕಳಿಸಿದೆ. ಸ್ವೀಕರಿಸಿದರು. ನೋಟೀಸ್ ಪೀರಿಯಡ್, ಅಂದರೆ ಹಳೇ ಕಂಪನಿ ಬಿಡುವ ಮುಂಚೆ ಅಲ್ಲಿ ಕಡ್ಡಾಯವಾಗಿ ದುಡಿಯಬೇಕಾದ ಅವಧಿ, ಮೂರು ತಿಂಗಳಿದೆ, ದಸರಾ ಮುಗಿಸಿ ಬರುತ್ತೇನೆ ಎಂದರು. ನನ್ನ ಅನುಭವದಲ್ಲಿ ಇಷ್ಟು ಉದ್ದದ ನೋಟೀಸ್ ಹಾಕಿ ಕೂತವರು ಬರುವುದು ಕಡಿಮೆ. ನಮ್ಮ ಪತ್ರ ತೋರಿಸಿ ಹಳೇ ಕಂಪನಿಯಲ್ಲೇ ಸಂಬಳ ಏರಿಸಿಕೊಳ್ಳುತ್ತಾರೆ. ಈ ವೃತ್ತಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಆಟ. ಹಾಗಾಗಲಿ ಎಂದು ಒಳಗೊಳಗೇ ಬೇಡಿಕೊಂಡೆ. ನನ್ನ ಕೆಲಸವೇ ಕೆಡಲಿ ಎಂದು ನಾನೇ ಹಾರೈಸಿದ್ದು ಅದೊಂದೇ ಸಲ. ಸಾಹೇಬರ ಹತ್ತಿರ ಹೋಗಿ, ಅವರು ಬರದಿದ್ದರೆ ಎಂಬ ಮುನ್ನೆಚ್ಚರಿಕೆಗೆ ಶಿರೀನಳಿಗೂ ಒಂದು ಪತ್ರ ಕೊಡೋಣವೇ ಎಂದೆ. ಒಂದು ಹುದ್ದೆಗೆ ಎರಡು ಮಾತು ಕೊಡುವುದಿಲ್ಲ ಎಂದರು.

ಆಗಸ್ಟ್ ಕೊನೆಗೆ ಶಿರೀನ್ ಹೊರಟಳು. ನಾನು ಹೋದಾಗ ಕಾಕೂ ಅವಳ ಚೀಲಕ್ಕೆ ಶೇಂಗಾ ಚಟ್ನಿಪುಡಿಯ ಡಬ್ಬಿ ತುರುಕುತ್ತಿದ್ದರು. "ಬ್ಯಾಡ್ರಿ ಕಾಕೂ, ತೂಕ ಭಾಳ ಆಗ್ತದ" ಎಂದು ಶಿರೀನ್ ಎರಡು ಸಲ ಎಂದಳು. ಮೂರನೇ ಸಲ ಸುಮ್ಮನಾದಳು. ನಿಲೂಫರ್ ತನ್ನ ಮರಾಠಿ ಪಾಠಪುಸ್ತಕಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟು ಬಂದು, ನಾನು ಪರೀಕ್ಷೆಗೆ ಬರುತ್ತೇನೆ, ಅಷ್ಟರವರೆಗೆ ಇಟ್ಟುಕೊಂಡಿರಲಿ ಎಂದಳು. ಕಾರು ಓಣಿ ದಾಟುವವರೆಗೂ ಕಾಕೂ ಅಳಲಿಲ್ಲ, ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತರು.

ದಸರಾ ಮುಗಿಯಿತು. ವಡೋದರಾದವರು ಸೇರಬೇಕಿದ್ದ ಸೋಮವಾರ ಅವರ ಹೆಸರಿನ ಗುರುತಿನ ಚೀಟಿ, ಸುರಕ್ಷಾ ಬೂಟು, ಮೇಜು ಎಲ್ಲ ಸಿದ್ಧವಿತ್ತು. ಅವರು ಬರಲಿಲ್ಲ. ಫೋನ್ ಎತ್ತಲಿಲ್ಲ. ಸಂಜೆ ಎರಡು ಸಾಲಿನ ಇ-ಮೇಲ್ ಬಂತು, ವೈಯಕ್ತಿಕ ಕಾರಣಗಳಿಂದ ಹಳೇ ಕಂಪನಿಯಲ್ಲೇ ಮುಂದುವರಿಯುತ್ತೇನೆ ಎಂದು. ಅದನ್ನು ಪ್ರಿಂಟ್ ತೆಗೆದು ಸಾಹೇಬರ ಮೇಜಿನ ಮೇಲೆ ಇಟ್ಟೆ.

"ಸರ್, ಈಗ ನಿಮ್ಮ ಮಾತು ಬಿಡುಗಡೆಯಾಯಿತು" ಎಂದೆ. "ಶಿರೀನ್ ಶಿರಾಜಿನಲ್ಲಿದ್ದಾಳೆ. ಪತ್ರ ಕಳಿಸಿದರೆ ಅಲ್ಲಿಂದಲೇ ವೀಸಾಕ್ಕೆ ಅರ್ಜಿ ಹಾಕಬಹುದು. ಆದರೆ ನೀವೇ ಮಾತಾಡಬೇಕು. ಮತ್ತು ಒಂದು ಸಲ ಕೇಳಿ ಬಿಡಬಾರದು. ಮೂರು ಸಲ ಕೇಳಬೇಕು."

ನನ್ನ ದನಿ ಏರಿತ್ತು. ಇಷ್ಟು ವರ್ಷದಲ್ಲಿ ಅವರ ಜೊತೆ ಹಾಗೆ ಮಾತಾಡಿರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಚ್ಚಿ ಫೋನು" ಎಂದರು.

ಇಂಟರ್ನೆಟ್ ಕರೆ, ಮೊಬೈಲ್ ಮೇಜಿನ ಮೇಲೆ, ಸ್ಪೀಕರ್ ಹಾಕಿ ಇಟ್ಟೆ. ಶಿರೀನ್ ಎತ್ತಿದಳು. ಸಾಹೇಬರು ಮರಾಠಿಯಲ್ಲಿ ಕ್ಷೇಮ ವಿಚಾರಿಸಿ, ನೇರ ವಿಷಯಕ್ಕೆ ಬಂದರು. ಹುದ್ದೆ ಖಾಲಿ ಇದೆ, ನೀವು ಬರಬೇಕು, ವೀಸಾದ್ದು ನಮ್ಮ ಜವಾಬ್ದಾರಿ. ಆ ಕಡೆಯಿಂದ ಅದೇ ಮೃದು ದನಿ ಬಂತು. ನಕೋ ಸರ್, ನಿಮಗೆ ಯಾಕೆ ತೊಂದರೆ.

ಸಾಹೇಬರು ನನ್ನ ಕಡೆ ನೋಡಿದರು. ನಾನು ಎರಡು ಬೆರಳು ಎತ್ತಿದೆ. ಅವರು ಮತ್ತೆ ಕೇಳಿದರು. ತೊಂದರೆ ಏನೂ ಇಲ್ಲ, ನಿಮ್ಮಂಥವರು ನಮಗೆ ಬೇಕು. ಶಿರೀನ್ ಸ್ವಲ್ಪ ತಡೆದು ಹೇಳಿದಳು, ಇಲ್ಲ ಸರ್, ನೀವು ಇಷ್ಟು ಹೇಳಿದ್ದೇ ಹೆಚ್ಚು.

ಇನ್ನೊಂದೇ ಸಲ, ಹೂಂ ಎನ್ನುತ್ತಾಳೆ. ಸಾಹೇಬರಿಗೆ ಮೂರನೇ ಸಲ ಕೇಳಲು ಕಷ್ಟವಾಗುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಆದರೂ ಕೇಳಿದರು, ಅವರ ಬಾಯಲ್ಲಿ ನಾನು ಎಂದೂ ಕೇಳಿರದ ರೀತಿಯಲ್ಲಿ. "ನಾನು ಆ ದಿನವೇ ಇನ್ನೊಮ್ಮೆ ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ. ದಯವಿಟ್ಟು ಬನ್ನಿ."

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಶಿರೀನ್ ಹೇಳಿದಳು, "ನಕೋ ಸರ್."

ಅಷ್ಟೇ ಹೇಳಿದಳು. ಯಾಕೆ ತೊಂದರೆ ಎನ್ನಲಿಲ್ಲ. ಸಾಹೇಬರು ಫೋನನ್ನು ನನ್ನ ಕಡೆ ದೂಡಿದರು.

"ಶಿರೀನ್, ನಾ ಶಾರದಾ. ಯಾಕ?"

"ಅಕ್ಕಾರ, ಮೂರು ಸಲ ಕೇಳಿದ್ರು. ನಂಗ ಭಾಳ ಸಮಾಧಾನ ಆತು." ಮೂಗು ಎಳೆದುಕೊಂಡ ಸದ್ದು ಕೇಳಿತು. "ನಿಲೂನ ಇಲ್ಲಿ ಸಾಲಿಗೆ ಹಾಕೀನಿ. ತನಗಿಂತ ಸಣ್ಣ ಹುಡುಗರ ಜೋಡಿ ಕೂಡ್ತಾಳ. ಮೊದಲ ತಿಂಗಳು ದಿನಾ ಅಳ್ತಿದ್ಲು. ಈಗ ಅಕ್ಷರಾ ಕಲ್ತಾಳ, ಮೊನ್ನೆ ಅಂಗಡಿ ಬೋರ್ಡ್ ತಾನ ಓದಿದ್ಲು. ಈಗ ಮತ್ತ ಕಿತ್ತು ತಂದ್ರ, ಆಕಿ ನನ್ನ ನಂಬೂದಿಲ್ರಿ. ನಾನೂ ಒಂದು ಕಾಲೇಜಿನ್ಯಾಗ ಪಾಠ ಹೇಳ್ತೀನಿ, ಅರ್ಧ ದಿನದ ಕೆಲಸ. ಲ್ಯಾಬ್ ಇಲ್ಲ."

ಮತ್ತೆ ಕೇಳಬೇಕು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೇಳಬಾರದು ಎಂದು ಅವಳೇ ನನ್ನ ಮನೆಯಲ್ಲಿ ಹೇಳಿದ್ದಳು. ಚಟ್ನಿಪುಡಿ ಮುಗಿಯಿತೇ ಎಂದು ಕೇಳಿದೆ. ಎಂದೋ ಮುಗಿಯಿತು ಎಂದಳು. ಇಬ್ಬರೂ ಸ್ವಲ್ಪ ನಕ್ಕು ಫೋನ್ ಇಟ್ಟೆವು.

ಸಾಹೇಬರು ಗಂಟೆ ಒತ್ತಿದರು. "ಚಹಾ ತಗೋತೀರಾ?" ಎಂದರು. ಬೇಡ ಎಂದೆ, ನಿಜವಾಗಿಯೂ ಬೇಡವಾಗಿತ್ತು. ಅವರು ಒಂದು ಕ್ಷಣ ತಡೆದು, "ಸ್ವಲ್ಪ ತಗೊಳ್ಳಿ, ಪಾಟೀಲಬಾಯಿ" ಎಂದರು. ಯಾರೂ ಹೇಳಿಕೊಡದೆ, ತಾವಾಗಿಯೇ ಅವರು ಎರಡನೇ ಸಲ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಕರುಣೆ ಬರಬೇಕಿತ್ತೇನೋ, ಸಿಟ್ಟು ಬಂತು. ಜುಲೈ ತಿಂಗಳಲ್ಲಿ ಇಷ್ಟೇ ಮಾತು ಬೇಕಾಗಿತ್ತು. ಎದ್ದು ಬಂದೆ.

ಆ ಹುದ್ದೆ ನಾನು ನಿವೃತ್ತಳಾಗುವವರೆಗೂ ಭರ್ತಿಯಾಗಲಿಲ್ಲ. ಅದಾದ ಮೇಲೆ ನಾನು ಒಂದು ಪದ್ಧತಿ ಹಾಕಿಕೊಂಡೆ. ಯಾವ ಅಭ್ಯರ್ಥಿ ಬೇಡ ಎಂದರೂ, ಅವರು ಯಾವ ಊರಿನವರಾಗಿರಲಿ, ಸಾಹೇಬರ ಕ್ಯಾಬಿನ್ನಿನಿಂದ ಹೊರಗೆ ಬಂದ ಮೇಲೆ ನನ್ನ ಮೇಜಿನ ಮುಂದೆ ಕೂರಿಸಿಕೊಂಡು ಮತ್ತೆ ಕೇಳುತ್ತಿದ್ದೆ, ಅದಾದ ಮೇಲೆ ಇನ್ನೊಮ್ಮೆ ಕೇಳುತ್ತಿದ್ದೆ. ನನ್ನ ಕೈಕೆಳಗಿನವರು ಇದು ವೃತ್ತಿಪರ ಅಲ್ಲ ಎಂದು ಗೊಣಗುತ್ತಿದ್ದರು. ಗೊಣಗಲಿ. ನಾವು ಮಂದಿಯ ಡಿಗ್ರಿ ಪರೀಕ್ಷಿಸುತ್ತೇವೆ, ಅನುಭವ ಪರೀಕ್ಷಿಸುತ್ತೇವೆ, ಪಾಸ್‌ಪೋರ್ಟಿನ ಪ್ರತಿ ಪುಟ ತಿರುವಿ ನೋಡುತ್ತೇವೆ. ಒಬ್ಬರು ತಮ್ಮ ಮನೆಯಲ್ಲಿ ಹೂಂ ಎಂದು ಹೇಗೆ ಹೇಳುತ್ತಾರೆ ಎನ್ನುವುದೊಂದನ್ನು ಮಾತ್ರ ಕೇಳಿ ತಿಳಿದುಕೊಳ್ಳುವುದಿಲ್ಲ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಬೇರೆ ದೇಶದಿಂದ ಬಂದು ಬಾಗಿಲಲ್ಲಿ ನಿಂತವರನ್ನು ಇನ್ನೊಂದು ಸಲ ಕೇಳಬೇಕು, ಅವರು ಇಲ್ಲಿರುವಾಗಲೇ ಕೇಳಬೇಕು.